ರಿಪೇರಿಯವರ ಇನ್ನೊಂದು ಕಣ್ಣು

ವಾಚ್ ರಿಪೇರಿಯವರು ತಮ್ಮನ್ನು ರಿಪೇರಿಯವರೆಂದು ಎಂದೂ ಒಪ್ಪಿಕೊಂಡವರಲ್ಲ. "ನಾನು ಕಾಲವನ್ನೇ ಸರಿಪಡಿಸೋನು" ಎಂದು ಇಪ್ಪತ್ತಾರು ವರ್ಷಗಳಿಂದ ಹೇಳುತ್ತ ಬಂದಿದ್ದರು. ಅಂಥವರ ಬಲಗಣ್ಣಿನ ರೆಪ್ಪೆ ಮೂರು ತಿಂಗಳಿಂದ ಕೆಂಪಾಗಿ ಊದಿಕೊಂಡಿತ್ತು. ಕೆರೆತಕ್ಕೆ ಕೈಯ ಚಿಮಟ ನಡುಗಿ, ಕೂದಲೆಳೆಯಂಥ ಸ್ಪ್ರಿಂಗೊಂದು ಚಿಮ್ಮಿಹೋಗಿ, ಗಿರಾಕಿಯೂ ಅವರೂ ನೆಲದ ಮೇಲೆ ಮಂಡಿಯೂರಿ ಹುಡುಕಿದ್ದಾಯಿತು.

"ನಿನ್ನ ಹೊಸ ಸೋಪಿನದೇ ಕಿತಾಪತಿ" ಎಂದು ಹೆಂಡತಿಗೆ ತೀರ್ಪು ಹೇಳಿ, ಸೋಪನ್ನು ಬಚ್ಚಲಿನಿಂದ ಗಡೀಪಾರು ಮಾಡಿದರು. ರೆಪ್ಪೆ ಆ ತೀರ್ಪಿಗೆ ಸೊಪ್ಪು ಹಾಕಲಿಲ್ಲ.

ಚರ್ಮದ ಡಾಕ್ಟರಮ್ಮ ನೋಡಿ ಹೇಳಿದರು: "ಯಾವುದೋ ವಸ್ತು ತಾಗಿ ಅಲರ್ಜಿ ಆಗಿದೆ. ರೆಪ್ಪೆ ಚರ್ಮ ತೀರಾ ತೆಳು, ಪರೀಕ್ಷೆ ಬೆನ್ನ ಮೇಲೆ ಮಾಡೋಣ. ವಾಚಿನ ಲೋಹದಲ್ಲಿರೋ ನಿಕ್ಕಲ್‌ಗೆ ಅಲರ್ಜಿ ಅಂತ ಬಂದ್ರೆ ಮಾತ್ರ ವಾಚಿನ ಕೆಲಸ ಬಿಡಬೇಕಾಗಬಹುದು. ಕಣ್ಣಿಗೆ ತಾಗೋದನ್ನೆಲ್ಲ ನಾಳೆ ತನ್ನಿ."

ಮರುದಿನ ಅವರು ಸೋಪು, ಶಾಂಪೂ, ಕ್ರೀಮು ಎಂದು ಹೆಂಡತಿಯ ಸಾಮಾನನ್ನೆಲ್ಲ ಹೊತ್ತು ತಂದರು.

"ನಿಮ್ಮದೇನೂ ಇಲ್ವಾ?"

"ನನ್ನದು ಯಾವುದೂ ಕಣ್ಣಿಗೆ ತಾಗಲ್ಲ ಡಾಕ್ಟ್ರೇ."

ಜೊತೆಗೆ ಬಂದಿದ್ದ ಹೆಂಡತಿ ಚೀಲದ ತಳಕ್ಕೆ ಕೈಹಾಕಿ, ಕಪ್ಪು ರಬ್ಬರಿನ ಅಂಚಿನ ಪುಟ್ಟ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. ದಿನಕ್ಕೆ ಎಂಟು ಗಂಟೆ ಬಲಗಣ್ಣಿನ ಗುಳಿಯಲ್ಲಿ ಕೂತಿರುತ್ತಿದ್ದದ್ದು ಅದೇ.

"ಅದು ವಸ್ತು ಅಲ್ಲ ಕಣೇ, ನನ್ನ ಕಣ್ಣು!"

"ಹಾಗಾದ್ರೆ ನಿಮ್ಮ ಕಣ್ಣಿಗೆ ನಿಮ್ಮದೇ ಕಣ್ಣು ತಾಗಿರಬೇಕು ರೀ."

ಡಾಕ್ಟರಮ್ಮ ಅಂಚಿನಿಂದ ಉಗುರಿನಷ್ಟು ರಬ್ಬರು ಕತ್ತರಿಸಿದಾಗ, ಯಾರೋ ತಮ್ಮ ಕಿವಿಯನ್ನೇ ಕತ್ತರಿಸಿದಂತೆ ಅವರು ಮುಖ ಹಿಂಡಿದರು. ಒಂದೊಂದು ವಸ್ತು ಹಚ್ಚಿ ನಂಬರು ಹಾಕಿದ ಬಿಲ್ಲೆಗಳ ಪಟ್ಟಿಗಳು ಬೆನ್ನ ತುಂಬ ಅಂಟಿಕೊಂಡವು. ನಿಕ್ಕಲ್ ಐದನೆಯದು, ರಬ್ಬರು ಕೊನೆಯದು. ಎರಡು ದಿನ ಸ್ನಾನವಿಲ್ಲ, ಬೆವರುವಂತಿಲ್ಲ, ಕೆರೆದುಕೊಳ್ಳುವಂತಿಲ್ಲ.

ಎರಡನೆಯ ಮಧ್ಯಾಹ್ನ ಎಡಭುಜದ ಕೆಳಗೆ ಕಡಿತ ಶುರುವಾಯಿತು.

"ಐದನೇದು ಎಲ್ಲಿದೆ?"

"ಎಡಗಡೆ" ಎಂದ ಹೆಂಡತಿ ನಾಲಿಗೆ ಕಚ್ಚಿಕೊಂಡರು.

ರಿಪೇರಿಯವರು ಬಿಚ್ಚಿಟ್ಟ ವಾಚೊಂದರ ಮುಂದೆ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತರು. ಬೇರೆ ಯಾವ ಕೆಲಸ ಬರುತ್ತದೆ ಎಂದು ಲೆಕ್ಕ ಹಾಕಿದರು. ಗೋಡೆ ಗಡಿಯಾರಕ್ಕೆ ಕೀಲಿ ಕೊಡುವುದು ಬಿಟ್ಟರೆ ಯಾವುದೂ ಹೊಳೆಯಲಿಲ್ಲ.

ಪಟ್ಟಿ ಕಿತ್ತಾಗ ಐದರ ಜಾಗ ತಿಳಿಗೆಂಪಾಗಿತ್ತು. "ಪಟ್ಟಿ ಎಳೆದಿದ್ದಕ್ಕೂ ಹೀಗಾಗುತ್ತೆ. ಇನ್ನೆರಡು ದಿನ ಕಾಯಿರಿ" ಎಂದರು ಡಾಕ್ಟರಮ್ಮ. ಆ ಎರಡು ದಿನ, ಕಾಲ ಸರಿಪಡಿಸುವವರ ಕೈಗೆ ಕಾಲವೇ ಸಿಗಲಿಲ್ಲ.

ನಾಲ್ಕನೆಯ ದಿನ ಡಾಕ್ಟರಮ್ಮನ ಬೆರಳು ಬೆನ್ನ ಮೇಲೆ ಇಳಿಯತೊಡಗಿತು. ಮೂರು. ನಾಲ್ಕು. ಅಲ್ಲಿ ನಿಂತಿತು.

"ಐದು ಮಾಸಿಹೋಗಿದೆ. ನಿಕ್ಕಲ್ ಅಲ್ಲ." ಬೆರಳು ಕೆಳಗೆ ಜಾರಿತು. "ಓಹೋ, ಇಲ್ಲಿ ಗುಳ್ಳೆ ಎದ್ದಿದೆ. ರಬ್ಬರು!"

"ಇಪ್ಪತ್ತಾರು ವರ್ಷ ಸುಮ್ನಿತ್ತಲ್ಲ ಡಾಕ್ಟ್ರೇ?"

"ಸುಮ್ನಿದ್ದ ಚರ್ಮಕ್ಕೂ ಒಂದು ದಿನ ಸಾಕಾಗುತ್ತೆ."

"ನಮ್ಮ ಮದುವೆಯಾಗಿಯೂ ಅಷ್ಟೇ ವರ್ಷ" ಎಂದು ಹೆಂಡತಿ ಗೋಡೆಗೆ ಹೇಳಿದರು.

ಮರುದಿನ ಅವರು ಕನ್ನಡಕದ ಕಡ್ಡಿಗೆ ಸಿಕ್ಕಿಸುವ ಹೊಸ ಭೂತಗನ್ನಡಿಯೊಂದಿಗೆ ಅಂಗಡಿಗೆ ಹೊರಟರು. ಹೊರಡುವ ಮುನ್ನ, ಹಿತ್ತಲ ಕಿಟಕಿಯಲ್ಲಿ ಬಿದ್ದಿದ್ದ ಸೋಪನ್ನು ಎತ್ತಿ, ಚಕ್ರ ಕೂರಿಸುವಷ್ಟೇ ನಾಜೂಕಾಗಿ ಬಚ್ಚಲಲ್ಲಿ ಕೂರಿಸಿದರು. ಯಾರೂ ನೋಡಲಿಲ್ಲ ಎಂದುಕೊಂಡರು. ಹೆಂಡತಿಗೆ ಅದನ್ನು ನೋಡಲು ಭೂತಗನ್ನಡಿಯೇನೂ ಬೇಕಿರಲಿಲ್ಲ.