ತಾಗಾದ ಕೊನೆಯ ಪಟ್ಟಿ

ಮೊನ್ನೆ ಬೆಳಿಗ್ಗೆ ಒಲೆಯ ಮೇಲಿನ ಬೇಳೆಯ ಪಾತ್ರೆ ಇಳಿಸಲು ಕೈಗೆ ಸಿಕ್ಕ ಬಟ್ಟೆ ಹಿಡಿದೆ. ಮೊಳದುದ್ದದ, ಬಣ್ಣ ಹಾಕದ ಕೋರಾ ಬಟ್ಟೆ, ಒಂದು ಬದಿಗೆ ಕೆಂಪು, ಕಪ್ಪು, ಹಸಿರು ಪಟ್ಟಿಗಳು. ಎಣ್ಣೆ, ಅರಿಸಿನ, ಮಸಿ ಎಲ್ಲ ಹತ್ತಿ ಬಣ್ಣಗಳು ಮಂಕಾಗಿವೆ. ಇದು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆಯೆಂಬುದೇ ನನಗೆ ಮರೆತಿತ್ತು. ಪಾತ್ರೆ ಇಳಿಸಿದ ಮೇಲೂ ಬಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಇಂಥದೇ ಬಟ್ಟೆಯ ಸಲುವಾಗಿ ನೈಜೀರಿಯಾದಲ್ಲಿ ಒಬ್ಬ ತರುಣ ಎಂಟು ತಿಂಗಳು ಸೆರೆಯಲ್ಲಿದ್ದ ಎಂದರೆ ನೀವು ನಂಬುವುದು ಕಷ್ಟ. ನನಗೂ ನಂಬಲು ಕೆಲವು ದಿನ ಬೇಕಾಯಿತು.

ನಾವು ಮಹಾರಾಷ್ಟ್ರದ ಗಡಿಯ ಇಚಲಕರಂಜಿಯವರು. ಪಕ್ಕದ ಯಡ್ರಾವದಲ್ಲಿ ನಮ್ಮ ಮಗ್ಗಗಳಿವೆ. ಮಗ್ಗ ನೋಡಿಕೊಳ್ಳುವವರು ನಮ್ಮ ಮನೆಯವರು, ಕಾಗದಪತ್ರ ನೋಡಿಕೊಳ್ಳುವವಳು ನಾನು. ಕೊಲ್ಹಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಬಿ.ಎ. ಮಾಡಿದ ತಪ್ಪಿಗೆ, ಮದುವೆಯಾದ ವಾರದಿಂದ ಈ ಮನೆಯ ಇಂಗ್ಲಿಷ್ ಪತ್ರಗಳೆಲ್ಲ ನನ್ನ ತಲೆಗೆ ಬಂದವು. ಮಾಲು ತಲುಪಿದೆ ಎಂದು ಒಂದು, ಮಾಲು ತಲುಪಿಲ್ಲ ಎಂದು ಇನ್ನೊಂದು, ಹೀಗೆ ಎರಡೇ ಬಗೆಯ ಪತ್ರ ಬರೆಯುತ್ತ ಮುದುಕಿಯಾದೆ. ಆದರೂ ನಮ್ಮ ಓಣಿಯಲ್ಲಿ ನನ್ನ ಇಂಗ್ಲಿಷಿಗೆ ದೊಡ್ಡ ಹೆಸರು. ಅದನ್ನು ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲವಾದ್ದರಿಂದ ಹೆಸರು ಹಾಗೇ ಉಳಿಯಿತು.

ಎಮೆಕಾ ನಮ್ಮಲ್ಲಿಗೆ ಬಂದದ್ದು ಮುಂಬಯಿಯ ದಲಾಲರೊಬ್ಬರ ಮೂಲಕ. ನೈಜೀರಿಯಾದ ಆಬಾ ಎಂಬ ಊರಿನ ಬಟ್ಟೆ ವ್ಯಾಪಾರಿ, ಇಗ್ಬೊ ಜನಾಂಗದವನು. ನಮ್ಮಿಂದ ಕೋರಾ ಬಟ್ಟೆ ಕೊಂಡು, ಅಲ್ಲಿ ಬಣ್ಣ ಹಾಕಿಸಿ, ನಿಲುವಂಗಿಗಳ ಒಳಗೆ ಅಸ್ತರಿಗೆಂದು ಮಾರುತ್ತಿದ್ದ. ವರ್ಷಕ್ಕೆರಡು ಸಲ ಬರುತ್ತಿದ್ದ. ಮಗ್ಗದ ಕೆಲಸಗಾರರು ಅವನನ್ನು ಎಮೆಕಾಶೇಟ್ ಮಾಡಿದರು, ಅವನು ಅವರಿಂದ ಕಲಿತು ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯತೊಡಗಿದ. ಜೈನರ ಮನೆಯೆಂದು ಗೊತ್ತಿದ್ದುದರಿಂದ ಹೊತ್ತು ಮುಳುಗುವ ಮೊದಲೇ ಊಟಕ್ಕೆ ಕೂಡುತ್ತಿದ್ದ, ಉಳ್ಳಾಗಡ್ಡಿಯಿಲ್ಲದ ಪಲ್ಯವನ್ನು ಹೊಗಳಿ ಉಣ್ಣುತ್ತಿದ್ದ. ಮರುದಿನ ಕೆಲಸವಿದೆಯೆಂದು ಹೇಳಿ ಕೊಲ್ಹಾಪುರಕ್ಕೆ ಹೋಗಿ ಮಟನ್ ರಸ್ಸಾ ಹೊಡೆದು ಬರುತ್ತಿದ್ದನೆಂಬುದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಗೊತ್ತಿಲ್ಲದವಳಂತೆ ಇದ್ದೆ.

ಅವನ ಊರಿನ ಸುದ್ದಿ ನನಗೆ ತಿಳಿದದ್ದು ಸೋಮವಾರಗಳಿಂದ. ಸೋಮವಾರ ಫೋನ್ ಮಾಡಿದರೆ ಅಂಗಡಿ ಮುಚ್ಚಿದೆ ಎನ್ನುತ್ತಿದ್ದ. ಏನು ಹಬ್ಬ ಎಂದು ಕೇಳಿದೆ. ಹಬ್ಬವಲ್ಲ, ಬಂದ್, ತೆರೆದರೆ ಅದನ್ನು ಕರೆದ ನಮ್ಮ ಹುಡುಗರ ಭಯ, ಬೀದಿಗಿಳಿದರೆ ಸೈನಿಕರ ಭಯ, ಅದಕ್ಕೆ ಊರಿಗೆ ಊರೇ ಮನೆಯಲ್ಲಿ ಕೂಡುತ್ತದೆ ಎಂದ. ಅವನ ತಂದೆಯ ಕಾಲದಲ್ಲಿ ಇಗ್ಬೊ ಜನ ಬಿಯಾಫ್ರಾ ಎಂದು ತಮ್ಮದೇ ದೇಶ ಸಾರಿಕೊಂಡಿದ್ದರಂತೆ. ಯುದ್ಧವಾಗಿ, ಮಕ್ಕಳು ಹಸಿವಿನಿಂದ ಸತ್ತು, ಆ ದೇಶ ಮೂರು ವರ್ಷದೊಳಗೆ ಅಳಿಯಿತು. ಈಗ ಮೊಮ್ಮಕ್ಕಳ ವಯಸ್ಸಿನವರು ಮತ್ತೆ ಅದನ್ನೇ ಕೇಳುತ್ತಿದ್ದಾರೆ. ಸರ್ಕಾರ ಅವರ ಸಂಘಟನೆಯನ್ನು ಭಯೋತ್ಪಾದಕರದೆಂದು ನಿಷೇಧಿಸಿತ್ತು, ಮುಂದಾಳುಗಳನ್ನು ಸೆರೆಗೆ ಹಾಕಿತ್ತು, ಸಭೆ ಸೇರಿದಲ್ಲಿ ಗುಂಡು ಹಾರಿಸಿತ್ತು. ಎಮೆಕಾನ ತಮ್ಮ ಓಬಿನ್ನಾ ಅಂಥ ಸಭೆಗಳಿಗೆ ಹೋಗುವವನು. ಅವನ ಗೆಳೆಯನೊಬ್ಬ ಅಲ್ಲಿಂದ ಮನೆಗೆ ಮರಳಿರಲಿಲ್ಲ.

"ಅಪ್ಪ ಯುದ್ಧ ಮಾಡಿದ, ನಾನು ವ್ಯಾಪಾರ ಮಾಡುತ್ತೇನೆ, ತಮ್ಮ ಬಾವುಟ ಹಿಡಿಯುತ್ತಾನೆ. ನಮ್ಮ ತಾಯಿ ಮೂವರ ಸಲುವಾಗಿಯೂ ಅತ್ತಿದ್ದಾಳೆ," ಎಂದು ಎಮೆಕಾ ಒಮ್ಮೆ ತನ್ನ ಇಂಗ್ಲಿಷಿನಲ್ಲಿ ಹೇಳಿದ.

ನಾನೂ ಗಡಿಯವಳೇ ಎಂದು ಅವನಿಗೆ ನಮ್ಮಪ್ಪನ ಕತೆ ಹೇಳಿದೆ. ನನ್ನ ತವರು ಗಡಹಿಂಗ್ಲಜ. ಅಪ್ಪ ಅಲ್ಲಿಂದ ಗಡಿಯಾಚೆ ಕರ್ನಾಟಕದ ಸಂಕೇಶ್ವರಕ್ಕೆ ಬೆಲ್ಲದ ಟೆಂಪೊ ಕಳಿಸುತ್ತಿದ್ದರು. ಗಡಿಯ ತಂಟೆ ಜೋರಾದಾಗಲೆಲ್ಲ ಸೀಟಿನ ಕೆಳಗೆ ಎರಡು ಫಲಕ ಇಡುತ್ತಿದ್ದರು, ಒಂದು ಮರಾಠಿ, ಒಂದು ಕನ್ನಡ. ಒಂದು ದಿನ ಬದಲಿಸುವುದನ್ನು ಮರೆತು ಮರಾಠಿ ಫಲಕದೊಂದಿಗೇ ಸಂಕೇಶ್ವರಕ್ಕೆ ಹೋಗಿ, ಗಾಜಿಗೆಲ್ಲ ಮಸಿ ಬಳಿಸಿಕೊಂಡು ಬಂದರು. ಅವ್ವ ಗಾಬರಿಯಾದರೆ, "ಮಸಿ ಅಲ್ಲೇನ, ತೊಳದ್ರ ಹೊಕ್ಕೇತಿ. ತಾಟ ಹಾಕ," ಎಂದು ಊಟಕ್ಕೆ ಕೂತರು. ಎಮೆಕಾ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ, "ಯಾರೂ ಗುಂಡು ಹಾರಿಸಲಿಲ್ಲವೇ?" ಎಂದು ಕೇಳಿದ. ಅವತ್ತು ಇಲ್ಲ ಎಂದೆ. ಆಮೇಲೆ ನನಗೆ ನನ್ನ ಕತೆ ಅಷ್ಟೇನೂ ಸೊಗಸಾಗಿ ಕಾಣಲಿಲ್ಲ.

ಇನ್ನು ಬಟ್ಟೆಯ ವಿಷಯ. ಮಗ್ಗದಲ್ಲಿ ಒಂದು ಅಳತೆಯ ಬಟ್ಟೆ ಮುಗಿದರೆ ಅದಕ್ಕೆ ತಾಗಾ ಎನ್ನುತ್ತೇವೆ. ಒಂದು ತಾಗಾ ಮುಗಿದು ಇನ್ನೊಂದು ಶುರುವಾಗುವಲ್ಲಿ ಬಣ್ಣದ ನೂಲಿನಿಂದ ಒಂದೆರಡು ಬೆರಳಗಲ ಪಟ್ಟಿ ನೇಯುತ್ತಾರೆ, ಎಲ್ಲಿ ಕತ್ತರಿಸಬೇಕೆಂದು ತಿಳಿಯಲಿ ಎಂದು. ಇದಕ್ಕೆಂದು ಯಾರೂ ಬಣ್ಣದ ನೂಲು ಕೊಳ್ಳುವುದಿಲ್ಲ. ನಮ್ಮಲ್ಲಿ ಏನನ್ನೂ ಬಿಸಾಡದಿರುವುದು ಧರ್ಮ, ಕೆಲವರ ಪ್ರಕಾರ ಜಿಪುಣತನ. ಬೇರೆ ಮಗ್ಗದಲ್ಲಿ ಲುಂಗಿ ನೇಯ್ದು ಉಳಿದ ಕಾಂಡಿಗಳನ್ನು, ಅಂದರೆ ನೂಲು ಸುತ್ತಿದ ಸಣ್ಣ ಕಡ್ಡಿಗಳನ್ನು, ಡಬ್ಬಿಯಲ್ಲಿ ಹಾಕಿಟ್ಟು ಪಟ್ಟಿಗೆ ಬಳಸುತ್ತಾರೆ. ಒಂದು ಸಲ ಎಮೆಕಾನ ಮಾಲಿನ ಪ್ರತಿ ತಾಗಾದ ಕೊನೆಗೂ ಮೂರು ಬಣ್ಣದ ಪಟ್ಟಿ ಬಂದಿತ್ತು. ಗಂಟು ಕಟ್ಟುವ ಮೊದಲು ನೋಡಿದವಳು ನಾನೇ. ಚೆನ್ನಾಗಿದೆ ಎಂದೆ, ಉಳಿದ ತುಂಡನ್ನು ಅಡುಗೆಮನೆಗೆ ತಂದೆ.

ಕೆಂಪು ಮೇಲೆ, ಕಪ್ಪು ನಡುವೆ, ಹಸಿರು ಕೆಳಗೆ. ಬಿಯಾಫ್ರಾದ ಬಾವುಟವೂ ಹಾಗೆಯೇ, ನಡುವೆ ಹಳದಿ ಸೂರ್ಯನೊಂದು ಹೆಚ್ಚು. ಬಂದರಿನಿಂದ ಮಾಲು ಬಿಡಿಸಿಕೊಂಡು ಆಬಾಕ್ಕೆ ಒಯ್ಯುತ್ತಿದ್ದವನು ಓಬಿನ್ನಾ. ರಸ್ತೆಯ ತಪಾಸಣೆಯಲ್ಲಿ ಸೈನಿಕರು ಒಂದು ಗಂಟು ಬಿಚ್ಚಿದರು, ಮತ್ತೊಂದು ಬಿಚ್ಚಿದರು, ಎಲ್ಲದರಲ್ಲೂ ಅದೇ. ಯಾವ ದೇಶದಲ್ಲಿ ಬಾವುಟ ನೇಯಿಸುತ್ತೀ ಎಂದು ಹೊಡೆದು ಕರೆದೊಯ್ದರು. ಕೋರ್ಟಿಗೆ ಹಾಜರು ಮಾಡಲಿಲ್ಲ. ಎಲ್ಲಿಟ್ಟಿದ್ದಾರೆಂದು ಎಮೆಕಾನಿಗೆ ತಿಳಿದದ್ದೇ ಎರಡು ತಿಂಗಳ ಮೇಲೆ.

ಅವನ ಫೋನ್ ಬಂದಾಗ ನಾನು ಯಡ್ರಾವದಲ್ಲೇ ಇದ್ದೆ. ಪಟ್ಟಿ ಹಾಕಿದವನು ನಮ್ಮ ಹಿರಿಯ ನೇಕಾರ ಭರಮಣ್ಣ. ಅವನಿಗೆ ಹೇಳಿದರೆ ಊಟ ಬಿಟ್ಟುಬಿಡುತ್ತಾನೆ ಎಂದು ನಮ್ಮ ಮನೆಯವರು ಎಚ್ಚರಿಸಿದರು. ನಾನು ಸುಮ್ಮನೆ ಕೇಳಿದಂತೆ ಕೇಳಿದೆ.

"ಭರಮಣ್ಣ, ಎಮೆಕಾಶೇಟ್‍ನ ಮಾಲಿಗೆ ಮೂರ ಬಣ್ಣದ ಪಟ್ಟಿ ಯಾಕ ಹಾಕಿದ್ದಿ?"

"ಕೆಂಪ ಕಾಂಡಿ ಹಾಕಿದ್ನಿರಿ ವೈನಿ, ಅದು ನಡುವ ಮುಗೀತು. ಕರೇದ ಹಾಕಿದೆ, ಅದೂ ಮುಗೀತು. ಹಸರ ಹಾಕಿದೆ. ನೋಡಿದ್ರ ಭಾಳ ಚಂದ ಕಾಣಾಕತ್ತು. ಆಮ್ಯಾಲ ಎಲ್ಲಾ ತಾಗಾಕೂ ಹಂಗ ಹಾಕಿದೆ. ಯಾಕ್ರಿ, ಶೇಟ್ ಏನರ ಅಂದ್ರೇನು?"

ಏನೂ ಇಲ್ಲ ಎಂದೆ.

ಪಟ್ಟಿ ನಮ್ಮ ಮಗ್ಗದ ಗುರುತು ಎಂದು ನಾವು ಪ್ರಮಾಣಪತ್ರ ಬರೆದು ಕಳಿಸಿದರೆ ತಮ್ಮನನ್ನು ಬಿಡಿಸಲು ನೆರವಾದೀತು ಎಂದು ಎಮೆಕಾ ಕೇಳಿದ್ದ. ಜೀವಮಾನದಲ್ಲಿ ಮೊದಲ ಸಲ ನನ್ನ ಇಂಗ್ಲಿಷಿಗೆ ನಿಜವಾದ ಕೆಲಸ ಬಿತ್ತು. ಎರಡು ದಿನ ಕೂತು ಬರೆದೆ. ಉಳಿದ ನೂಲಿನಿಂದ ಗುರುತು ಹಾಕುವುದು ಇಲ್ಲಿಯ ರೂಢಿ, ಈ ಬಣ್ಣಗಳು ನಿಮ್ಮಲ್ಲಿ ಏನು ಅರ್ಥ ಕೊಡುತ್ತವೆ ಎಂಬುದು ನಮ್ಮ ನೇಕಾರನಿಗೆ ಗೊತ್ತಿರಲಿಲ್ಲ, ಕಣ್ಣಿಗೆ ಚೆಂದ ಕಂಡಿದ್ದರಿಂದ ಹಾಕಿದ. ಇಷ್ಟು. ಅದನ್ನು ಹಿಡಿದುಕೊಂಡು ಎಸ್.ಟಿ. ಬಸ್ಸು ಹತ್ತಿ ಗಡಹಿಂಗ್ಲಜದಲ್ಲಿ ವಕೀಲನಾಗಿರುವ ನನ್ನ ಅಣ್ಣನ ಬಳಿಗೆ ಹೋದೆ.

ಅಣ್ಣ ಕನ್ನಡಕ ಏರಿಸಿ ಓದಿದ, ಪೆನ್ನು ತೆಗೆದು ಒಂದು ಸಾಲು ಹೊಡೆದುಹಾಕಿದ.

"ಗೊತ್ತಿರಲಿಲ್ಲ ಅಂತ ಬರದ್ರ, ಅದಕ್ಕ ಅರ್ಥ ಐತಿ ಅಂತ ನೀನ ಒಪ್ಪಿದಂಗ ಆತು ತಂಗಿ. ಅವ್ರಿಗೆ ಅಷ್ಟ ಸಾಕು. ಯಾವ ಅರ್ಥನೂ ಇಲ್ಲ ಅಂತ ಬರಿ. ಖಲಾಸ್."

"ಚಂದ ಕಾಣತಾವ ಅನ್ನೂದರ ಇರಲಿ ಅಣ್ಣಾ."

"ಚಂದ ಅಂದ್ರ ಬೇಕಂತ ಹಾಕ್ಯಾರ ಅಂದಂಗ ಆಕ್ಕೇತಿ. ತಗದ ಬಿಡು."

ಅಣ್ಣ ಹೇಳಿದ್ದು ಸರಿಯೆನ್ನಿಸಿತು. ಸೆರೆಯಲ್ಲಿ ಒಬ್ಬ ಹುಡುಗ ಏಟು ತಿನ್ನುತ್ತಿರುವಾಗ ನನ್ನ ವಾಕ್ಯದ ಅಂದ ಯಾರಿಗೆ ಬೇಕು? ನಾವಾದರೂ ಹೊತ್ತಿಗೊಂದು ಫಲಕ ಬದಲಿಸಿ ಬದುಕಿದ ಮನೆಯವರು. ತಿದ್ದಿ ಬರೆದೆ, ಅಣ್ಣ ಮುದ್ರೆ ಹಾಕಿಸಿದ, ಕೊಲ್ಹಾಪುರಕ್ಕೆ ಹೋಗಿ ವ್ಯಾಪಾರಿಗಳ ಸಂಘದ ಶಿಕ್ಕಾ ಹೊಡೆಸಿಕೊಂಡು ಬಂದೆ. ಸಹಿ ನಮ್ಮ ಮನೆಯವರದು. ಮುದ್ರೆಗೆ ಕೊಡುವ ಮೊದಲು ಫೋನಿನಲ್ಲಿ ಓದಿ ಹೇಳಿದಾಗ ಎಮೆಕಾ, "ಯಾವ ಅರ್ಥವೂ ಇಲ್ಲ ಎಂಬುದನ್ನು ಕೊನೆಯಲ್ಲಿ ಇನ್ನೊಮ್ಮೆ ಬರೆಯಿರಿ, ವೈನಿ," ಎಂದ. ಅದನ್ನೂ ಸೇರಿಸಿದೆ. ಆಮೇಲೆ ಯಡ್ರಾವದ ಗೋಡೆಗೆ ಒಂದು ಚೀಟಿ ಅಂಟಿಸಿದೆವು, ಇನ್ನು ಮುಂದೆ ಪಟ್ಟಿಗೆ ನೀಲಿ ನೂಲು ಮಾತ್ರ ಎಂದು. ಕಾರಣ ಹೇಳಲಿಲ್ಲವೆಂದು ಭರಮಣ್ಣ ಕೆಲವು ದಿನ ಮುಖ ಗಂಟಿಕ್ಕಿಕೊಂಡೇ ಓಡಾಡಿದ.

ಓಬಿನ್ನಾನನ್ನು ಎಂಟು ತಿಂಗಳಿಗೆ ಬಿಟ್ಟರು. ನಮ್ಮ ಕಾಗದದಿಂದ ಬಿಟ್ಟರೋ, ಬೇರೆ ಯಾವುದರಿಂದಲೋ ಯಾರಿಗೂ ತಿಳಿಯದು. ಬಿಡುವಾಗ ಒಂದು ಚೀಟಿಯನ್ನೂ ಕೊಡಲಿಲ್ಲವಂತೆ. ಸುದ್ದಿ ಬಂದ ದಿನ ನಾನು ಬಸದಿಗೆ ಹೋಗಿ ತುಪ್ಪದ ದೀಪ ಹಚ್ಚಿ ಬಂದೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಪೇಡೆ ಕೊಟ್ಟೆ. ನನ್ನ ಇಂಗ್ಲಿಷಿಗೆ ಕೊನೆಗೂ ಫಲ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದ್ದೆ.

ಒಂದು ತಿಂಗಳ ಮೇಲೆ ಓಬಿನ್ನಾನೇ ಫೋನ್ ಮಾಡಿದ. ನಾನು ಅವನ ದನಿ ಕೇಳಿದ್ದು ಅದೇ ಮೊದಲು, ಮೆಲುದನಿ. ಕಾಗದ ಕಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿದ. ಆಮೇಲೆ ತಡೆತಡೆದು ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಬರೆಯುತ್ತೇನೆ.

"ಅಲ್ಲಿ ದಿನವೂ ನನಗೆ ಒಂದೇ ಮಾತು ಹೇಳುತ್ತಿದ್ದರು. ಈ ಬಣ್ಣಗಳಿಗೆ ಯಾವ ಅರ್ಥವೂ ಇಲ್ಲ ಅಂತ ಬರೆದುಕೊಡು, ಮನೆಗೆ ಹೋಗು. ಪಟ್ಟಿ ಮಗ್ಗದವರು ಹಾಕಿದ್ದು, ನಾನು ಹಾಕಿಸಿದ್ದಲ್ಲ ಅಂದೆ, ಅದು ನಿಜ. ಅರ್ಥ ಇಲ್ಲ ಅಂತ ಮಾತ್ರ ಬರೆದುಕೊಡಲಿಲ್ಲ. ನನ್ನ ಗೆಳೆಯ ಅದರ ಸಲುವಾಗಿ ಸತ್ತಿದ್ದಾನೆ. ಒಂದು ದಿನ ಅಧಿಕಾರಿ ನಿಮ್ಮ ಕಾಗದ ತಂದು ನನ್ನ ಮುಂದೆ ಜೋರಾಗಿ ಓದಿದ. ಕೊನೆಯ ಸಾಲನ್ನು ಎರಡು ಸಲ ಓದಿದ. ನನಗೆ ಸಿಟ್ಟಿಲ್ಲ. ನಿಮಗೆ ಗೊತ್ತಿರಲಿ ಅಂತ ಹೇಳಿದೆ."

ನಾನು ಮೊದಲು ಬೇರೆ ಬರೆದಿದ್ದೆ, ಅಣ್ಣ ಹೊಡೆದುಹಾಕಿದ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನನ್ನ ಹೊರೆ ಇಳಿಯುತ್ತಿತ್ತು, ಅವನಿಗೇನೂ ಸಿಗುತ್ತಿರಲಿಲ್ಲ. "ಊಟ ಸರಿಯಾಗಿ ಮಾಡಪ್ಪಾ," ಎಂದೆ. ಎಂಥ ಮಾತು ನೋಡಿ. ಫೋನ್ ಇಟ್ಟ ಮೇಲೆ ಬಹಳ ನಾಚಿಕೆಯಾಯಿತು. ಬಿಡಿಸಲು ಹೋದದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ, ಹಾಗೆ ಬರೆದದ್ದು ಸರಿಯೆಂದೂ ಅನ್ನಿಸುವುದಿಲ್ಲ. ಈ ಮಾತನ್ನು ಮನೆಯಲ್ಲೂ ಯಾರಿಗೂ ಹೇಳದೆ ಒಂದು ವರ್ಷ ಕಳೆದೆ.

ಮೊನ್ನೆ ಬೇಳೆಯ ಪಾತ್ರೆ ಇಳಿಸಿದವಳು ಒಗ್ಗರಣೆಯನ್ನೂ ಹಾಕದೆ ಯಡ್ರಾವಕ್ಕೆ ಹೋದೆ. ಭರಮಣ್ಣ ಮಗ್ಗ ನಿಲ್ಲಿಸಿ ಹೊರಗೆ ಬಂದ. ಬಾಗಿಲ ಬದಿಯ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಅವನು ತೋಳಿಗೆ ಹತ್ತಿದ್ದ ಅರಳೆಯನ್ನು ಕೀಳುತ್ತ ಕೇಳಿಸಿಕೊಂಡ.

"ಎಷ್ಟ ದಿನಾ ಇಟ್ಟಿದ್ರು ವೈನಿ ಆ ಹುಡುಗನ್ನ?"

"ಎಂಟ ತಿಂಗಳಾ."

"ಅದಕ್ಕ ನೀಲಿ ನೂಲೇನ್ರಿ?"

"ಹೌದೋ."

"ಅವತ್ತ ನೀವು ಕೇಳಿದಾಗ ನಾ ಹೇಳಿದ್ದನ್ನ ಕಾಗದದಾಗ ಬರದ್ರೇನ್ರಿ?"

ಏನು ಬರೆದೆವೆಂದು ಹೇಳಿದೆ. ಭರಮಣ್ಣ ಅರಳೆ ಕೀಳುವುದನ್ನು ನಿಲ್ಲಿಸಿದ. ನಾನು ಅವನ ತಪ್ಪಿಲ್ಲವೆಂದು ಸಮಾಧಾನ ಹೇಳಲು ಸಿದ್ಧಳಾಗಿ ಬಂದಿದ್ದೆ. ಅದರ ಅಗತ್ಯವೇ ಬೀಳಲಿಲ್ಲ.

"ಅರ್ಥ ಇಲ್ಲ ಅಂತ ಬರದ್ರಿ," ಎಂದ. "ಚಂದ ಕಾಣತಾವ ಅಂತ ನಾ ಹಾಕಿದ್ನಿರಿ ವೈನಿ. ನಾ ನೇದದ್ದು. ನೀವ್ ಹೆಂಗ ಹಂಗ ಬರದ್ರಿ?"

ಎದ್ದು ಒಳಗೆ ಹೋಗಿ ಮಗ್ಗ ಶುರು ಮಾಡಿದ. ನಾನು ಹೊರಡುವವರೆಗೂ ಮತ್ತೆ ಹೊರಗೆ ಬರಲಿಲ್ಲ.