ಜಗಳಗಂಟ ನಾಯಕನ ಪರವಾಗಿ

ಗೋಕಾಕದಿಂದ ಹುಕ್ಕೇರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಹುಡುಗಿ ಕಾದಂಬರಿ ಓದುತ್ತ ಒಬ್ಬಳೇ ನಗುತ್ತಿದ್ದಳು. ಪರರ ಪುಸ್ತಕದಲ್ಲಿ ಇಣುಕುವುದು ಅಸಭ್ಯವೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಆದ್ದರಿಂದ ಅದೇನು ಪುಸ್ತಕವೆಂದು ನೇರವಾಗಿ ಕೇಳಿದೆ.

"ಸಣ್ಣ ಊರಿನ ಕತಿ ರೀ, ಅಕ್ಕೋರ. ಮೊದಲನೇ ಪುಟದಿಂದ ಇಬ್ಬರಿಗೂ ಜಗಳ. ಕಡೀಕ ಮದುವಿ."

"ಕೊನೆ ಗೊತ್ತಿದ್ದ ಮೇಲೆ ಓದುವುದೇಕೆ?"

"ಹೆಂಗ ಸೋಲ್ತಾರ ನೋಡಾಕ್ರಿ. ಸಣ್ಣ ಊರಾಗ ಜಗಳಾಡಿ ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತಾರ? ದಿನಾ ಎದುರಾಗಬೇಕಲ್ರಿ."

ಆಮೇಲೆ ದನಿ ತಗ್ಗಿಸಿದಳು. ಅವಳು ಕೆಲಸ ಮಾಡುವ ಮೂಡಲಗಿಯ ಹುಡುಗನೊಬ್ಬ ಮದುವೆಗೆ ಕೇಳಿದ್ದಾನೆ. ಇವತ್ತೇ ಉತ್ತರ ಹೇಳಬೇಕು. ಕಬ್ಬಿನ ಟ್ರ್ಯಾಕ್ಟರನ್ನು ದಾರಿಗಡ್ಡ ನಿಲ್ಲಿಸಿದ್ದಕ್ಕೆ ಅವನನ್ನು ನಡುಬೀದಿಯಲ್ಲಿ ಬೈದಿದ್ದಳಂತೆ. ಅಂದಿನಿಂದ ಕಂಡಲ್ಲೆಲ್ಲ ಜಗಳ.

"ಅಂಥವನನ್ನು ಒಪ್ಪುತ್ತೀಯೇನಮ್ಮ?"

"ಹೆಣ್ಣು ನೋಡಾಕ ಬಂದವರು ಚಾ ಕುಡದು, ಶಾಣ್ಯಾರಂಗ ಕುಂತು ಹೋಗ್ತಾರ್ರಿ. ಇವಗ ನನ್ನ ಸಿಟ್ಟು ಪೂರಾ ಗೊತ್ತೈತಿ. ಗೊತ್ತಿದ್ದೂ ಕೇಳ್ಯಾನ."

ನಾನೂ ನಮ್ಮ ಯಜಮಾನರೂ ಚಹಾದ ಮುಂದೆ ಬಹಳ ಶಿಸ್ತಾಗಿಯೇ ಕೂತಿದ್ದೆವು. ಪರಸ್ಪರ ಪರಿಚಯವಾಗಲು ವರ್ಷಗಳೇ ಹಿಡಿದವು.

ತನ್ನ ಊರಾದ ಹುಕ್ಕೇರಿ ಹತ್ತಿರವಾದಾಗ ಅವಳು ಅವನಿಗೆ ಫೋನ್ ಮಾಡಿ "ಹೂಂ" ಎಂದಳು. ಕಣ್ಣು ಒದ್ದೆಯಾಗಿತ್ತು. ಮರುಗಳಿಗೆಯಲ್ಲೇ ಮದುವೆ ಯಾರ ಊರಲ್ಲೆಂದು ವಾದ ಶುರುವಾಯಿತು.

"ಮೂಡಲಗ್ಯಾಗ? ಕನಸಿನ್ಯಾಗ ಮಾಡ್ಕೋ ಹೋಗು!"

ಇಡೀ ಬಸ್ಸು ತಿರುಗಿ ನೋಡಿತು. ಸಾರ್ವಜನಿಕ ಸ್ಥಳದಲ್ಲಿ ದನಿ ಏರಿಸಬಾರದೆಂಬುದು ಇಂದಿಗೂ ನನ್ನ ಅಭಿಪ್ರಾಯ. ಆದ್ದರಿಂದ, "ಹುಕ್ಕೇರಿಯೇ ಸರಿ, ಬಿಟ್ಟುಕೊಡಬೇಡ" ಎಂದು ಅವಳ ಕಿವಿಯಲ್ಲಿ ಮೆಲ್ಲಗೆ ಹೇಳಿದೆ.