ಮುತ್ತರಾಯಪ್ಪನ ಮುಕ್ಕಾಲು ಮೀಸೆ

ಬಾಗಲೂರಿನ ಮುತ್ತರಾಯಪ್ಪನಿಗೆ ಅರ್ಧ ಎಕರೆ ಗುಲಾಬಿ ತೋಟವಿತ್ತು. ಆದರೆ ಊರಿಗೆ ಅವನ ಗುರುತು ಮೀಸೆ. ಐವತ್ತೆರಡರಲ್ಲೂ ಇದ್ದಿಲಿನಷ್ಟು ಕಪ್ಪು.

ಹೋದ ವರ್ಷ ಆ ಮೀಸೆಯ ಎಡಗಡೆ ಹುಣಸೆ ಬೀಜದಷ್ಟು ಜಾಗ ನುಣ್ಣಗೆ ಬೋಳಾಯಿತು. ಕ್ಷೌರದಂಗಡಿಯ ಕುಮಾರೇಶ್ ಬಗ್ಗಿ ನೋಡಿ, "ಇದು ಪುಳುವೆಟ್ಟು ಅಣ್ಣ. ಹುಳ ಮೇಯ್ಕೊಂಡು ಹೋಗೈತೆ" ಎಂದ.

ಗುಲಾಬಿಗೆ ಬರುವ ಹುಳಗಳ ಕುಲಗೋತ್ರವೆಲ್ಲ ಬಲ್ಲ ಮುತ್ತರಾಯಪ್ಪ ಭೂತಗನ್ನಡಿ ಹಿಡಿದು ದಿಂಬು, ಟವೆಲು ಜಾಲಾಡಿದ. ಬೆಳ್ಳುಳ್ಳಿ ಅರೆದು ಮೀಸೆಗೆ ಮೆತ್ತಿಕೊಂಡ. ಹೆಂಡತಿ ಬೈರಮ್ಮ ಊಟದ ತಟ್ಟೆಯನ್ನು ದೂರದಿಂದಲೇ ತಳ್ಳತೊಡಗಿದಳು. ಹುಳ ಸಿಗಲಿಲ್ಲ, ಬೋಳು ಮಾತ್ರ ಹಿಗ್ಗಿತು.

ಕೊನೆಗೆ ಬೋಳು ಜಾಗಕ್ಕೆ ಕಾಡಿಗೆ ಬಳಿದುಕೊಂಡು ಮೂಕಂಡಪಲ್ಲಿಯ ನೆಂಟರ ಗೃಹಪ್ರವೇಶಕ್ಕೆ ಹೋದ. ಉಂಡ ಮೇಲೆ ಗೋಡೆಗೆ ಕೆನ್ನೆಯಾನಿಸಿ ತೂಕಡಿಸಿದ. ಎದ್ದಾಗ ಕಾಲು ಮೀಸೆ ಹೊಸ ಮನೆಯ ಬಿಳಿ ಗೋಡೆಯ ಮೇಲಿತ್ತು.

ಮಾರನೆಯ ದಿನವೇ ಬೈರಮ್ಮ ಅವನನ್ನು ಹೊಸೂರಿನ ಚರ್ಮದ ಡಾಕ್ಟರ್ ಚಂದ್ರಲೇಖಾ ಬಳಿಗೆ ಎಳೆದೊಯ್ದಳು.

"ಹುಳ ಅಲ್ಲ" ಎಂದರು ಡಾಕ್ಟರು. "ರೋಗದ ಜೊತೆ ಹೋರಾಡೋ ನಿಮ್ಮ ಕಣಗಳೇ ಕೂದಲ ಬೇರನ್ನ ಶತ್ರು ಅಂದ್ಕೊಂಡು ಹೊಡೀತಾ ಇವೆ."

"ನನ್ ಕಣಗಳಾ? ನನ್ ಮನೆ ಮುದ್ದೆ ತಿಂದ್ಕೊಂಡಾ?"

"ಹೂಂ. ಅಂಥ ತಪ್ಪು ಮಾಡೋ ಕಣಗಳು ಎಲ್ಲರಲ್ಲೂ ಇರ್ತವೆ. 'ಇದು ನಮ್ಮದೇ, ಬಿಡು' ಅಂತ ಅವನ್ನ ತಡೆಯೋಕೆ ಬೇರೆ ಕಣಗಳಿವೆ. ನಿಯಂತ್ರಕ ಟಿ ಕಣ ಅಂತಾರೆ. ಅವಿಲ್ಲದಿದ್ರೆ ಕೀಲು, ಕರುಳು, ಚರ್ಮ ಎಲ್ಲ ಕಡೆ ಉರಿ, ಊತ. ನಿಮ್ಮ ಮೀಸೆ ಹತ್ರ ಅವುಗಳ ಕೈ ಸೋತಿರಬೇಕು."

"ಅಂಗಾರೆ ಅವನ್ನೇ ಇನ್ನೊಂದಷ್ಟು ಹಾಕ್ಬುಡಿ ಮೇಡಂ."

ಡಾಕ್ಟರು ನಕ್ಕರು. "ಅದಕ್ಕೆ ವಿಜ್ಞಾನಿಗಳು ಇನ್ನೂ ಹೆಣಗ್ತಾ ಇದ್ದಾರೆ. ಸದ್ಯಕ್ಕೆ ಹೊಡೆಯೋರನ್ನ ತಣ್ಣಗೆ ಮಾಡೋ ಇಂಜೆಕ್ಷನ್ ಕೊಡ್ತೀನಿ."

ಸೂಜಿ ಚುಚ್ಚುವುದು ಮೀಸೆಗೇ ಎಂದು ತಿಳಿದು ಮುತ್ತರಾಯಪ್ಪ ಬಾಗಿಲವರೆಗೆ ಓಡಿದ. ಬೈರಮ್ಮ ಅಂಗಿ ಹಿಡಿದೆಳೆದು, "ಬಂದು ಕುಂತ್ಕೋ. ಗೋಡೆ ಒರ್ಸಿದ್ದು ನಾನು" ಎಂದಳು.

ಊರಿಗೆ ಮರಳುವ ಬಸ್ಸಿನಲ್ಲಿ ಅವನು ತುಟಿಯತ್ತ ಕಣ್ಣಿಳಿಸಿ, "ನಮ್ಮೋವೇ ಕಣ್ರಲಾ ಅವು, ಬಿಡ್ರಲಾ!" ಎಂದು ಗದರಿದ. ಎದುರು ಕೂತಿದ್ದವನು ಗಾಬರಿಯಾಗಿ ಸೀಟು ಬಿಟ್ಟುಕೊಟ್ಟ. ಬೈರಮ್ಮ ನಿಶ್ಚಿಂತೆಯಾಗಿ ಕೂತಳು.

ಮೂರು ತಿಂಗಳಿಗೆ ಕೂದಲು ಚಿಗುರಿತು, ಹಾಲಿನಷ್ಟು ಬೆಳ್ಳಗೆ. ಮೊದಮೊದಲು ಹಾಗೇ ಬರುವುದುಂಟು ಎಂದರು ಡಾಕ್ಟರು. ಬೈರಮ್ಮ ಬಣ್ಣ ಕಲಸಿ ತಂದಾಗ ಮುತ್ತರಾಯಪ್ಪ ಎರಡು ಕೈಯಲ್ಲೂ ಮೀಸೆ ಮುಚ್ಚಿಕೊಂಡ.

"ಬ್ಯಾಡ ಕಣೇ. ಯಾರೋ ಹೊಸಬ್ರು ಬಂದವ್ರೆ ಅಂತ ಒಳಗಿನೋರು ಮತ್ತೆ ಎದ್ಬುಟ್ಟಾರು."